ಚಿತ್ರದಲ್ಲಿ ಇಲ್ಲದ ಚೀಟಿ

ಅಕ್ಟೋಬರ್ ಹದಿನಾಲ್ಕರ ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷಕ್ಕೆ ಟೋರುನ್ ಎಕ್‌ಬ್ಲಾಡ್ ಒಂದು ಫೋಟೋದಿಂದ ಹಳದಿ ಚೀಟಿಯೊಂದನ್ನು ಅಳಿಸಿದಳು. ನಾಲ್ಕು ಸೆಕೆಂಡಿನ ಕೆಲಸ. ಚೀಟಿಯಲ್ಲಿ ಏನು ಬರೆದಿದೆ ಎಂದು ಅವಳು ಓದಲಿಲ್ಲ.

ಫೋಟೋ ನೋರ್‌ಷೋಪಿಂಗ್ ಊರಿನ ಲಿಂಡನ್ ಮರಗಳ ಬೀದಿಯಲ್ಲಿದ್ದ ಒಂದು ಹಳೇ ಕಟ್ಟಡದ ಎರಡನೇ ಮಹಡಿಯ ಮನೆಯದು. ಮನೆ ಮಾರಾಟಕ್ಕಿತ್ತು. ಬ್ರೋಕರ್ ಕಾಸ್ಪರ್ ವಾಲೀನ್ ಪರವಾಗಿ ಮನೆಯನ್ನು ಸಜ್ಜು ಮಾಡುವುದು, ಫೋಟೋ ತೆಗೆಯುವುದು, ತೆಗೆದದ್ದನ್ನು ತಿದ್ದುವುದು, ಮೂರೂ ಟೋರುನ್‌ಳದೇ ಕೆಲಸ. ದೊಡ್ಡ ಊರುಗಳಲ್ಲಿ ಇದಕ್ಕೆ ಮೂವರಿರುತ್ತಾರೆ. ಇಲ್ಲಿ ಅವಳೊಬ್ಬಳೇ. ವಯಸ್ಸು ಐವತ್ತೊಂದು. ಇದಕ್ಕೂ ಮೊದಲು ಊರಿನ ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷ ಫೋಟೋಗ್ರಾಫರ್ ಆಗಿದ್ದಳು. ಪತ್ರಿಕೆ ಫೋಟೋ ವಿಭಾಗವನ್ನೇ ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಂದಳು. ಪತ್ರಿಕೆಯಲ್ಲಿದ್ದಾಗ ಒಬ್ಬ ಸಹೋದ್ಯೋಗಿ ಫುಟ್‌ಬಾಲ್ ಪಂದ್ಯದ ಚಿತ್ರವೊಂದರಿಂದ ಕಸದ ಡಬ್ಬಿ ಅಳಿಸಿದ್ದಕ್ಕೆ ಸಂಪಾದಕರು ಅವನನ್ನು ಎರಡು ವಾರ ಮನೆಗೆ ಕಳಿಸಿದ್ದರು. ಈಗ ಟೋರುನ್ ದಿನಕ್ಕೆ ಹತ್ತಾದರೂ ಕಸದ ಡಬ್ಬಿ ಅಳಿಸುತ್ತಾಳೆ.

ಆ ದಿನ ಬೆಳಗ್ಗೆ ಒಂಬತ್ತಕ್ಕೆ ಅವಳು ಮೂರು ಪೆಟ್ಟಿಗೆ, ಒಂದು ಬುಟ್ಟಿ ಹೊತ್ತು ಮೆಟ್ಟಿಲೇರಿದಳು. ಪೆಟ್ಟಿಗೆಗಳಲ್ಲಿ ಬಿಳಿ ಲಿನನ್ ಹೊದಿಕೆ, ಬೂದು ಬಣ್ಣದ ದಿಂಬುಗಳು, ಹನ್ನೆರಡು ನಿಂಬೆಹಣ್ಣು, ಯಾರೂ ಉಪಯೋಗಿಸದ ಟವೆಲ್‌ಗಳು. ಬುಟ್ಟಿಯಲ್ಲಿ ಸೀಳಿದ ಬರ್ಚ್ ಕಟ್ಟಿಗೆ, ತೊಗಟೆ ಬೆಳ್ಳಗೆ ಕಾಣುವಂತೆ ಜೋಡಿಸಿದ್ದು.

ಮನೆಯ ಒಡತಿ ಯೋರ್ಡಿಸ್ ಐವತ್ತೆಂಟರವಳು, ದಂತವೈದ್ಯರೊಬ್ಬರ ಬಳಿ ನರ್ಸು. ಹೊಸದಾಗಿ ಸಿಕ್ಕ ಜೊತೆಗಾರನ ಜೊತೆ ಗೋಟ್ಲಾಂಡ್ ದ್ವೀಪಕ್ಕೆ ಹೊರಟಿದ್ದಳು. ಕಾಸ್ಪರ್ ಹೇಳಿದ್ದಂತೆ ಹಿಂದಿನ ವಾರವೇ ಅರ್ಧ ಸಾಮಾನನ್ನು ನೆಲಮಾಳಿಗೆಗೆ ಸಾಗಿಸಿದ್ದಳು. ಉಳಿದ ಅರ್ಧಕ್ಕೆ ಟೋರುನ್ ಕೈಹಾಕಿದಳು.

"ಫ್ರಿಜ್ ಮೇಲಿರೋ ಫೋಟೋನೂ ಹೋಗ್ಬೇಕಾ?" ಎಂದು ಯೋರ್ಡಿಸ್ ಅಡ್ಡ ನಿಂತಳು.

"ಎಲ್ಲಾ ಹೋಗ್ಬೇಕು."

"ನಮ್ಮಕ್ಕನ ಮೊಮ್ಮಗು ಕಣ್ರೀ ಅದು. ಹುಟ್ಟಿ ಒಂದು ವಾರ ಆಗಿದೆ ಅಷ್ಟೆ."

"ಬಂದೋರು ಮಗು ನೋಡ್ತಾ ನಿಂತ್ಕೋತಾರೆ. ಅಡುಗೆಮನೆ ನೋಡಲ್ಲ."

"ಇಪ್ಪತ್ತೆರಡು ವರ್ಷ ಇಲ್ಲೊಬ್ಬಳು ಬದುಕಿದ್ಲು ಅಂತ ಗೊತ್ತಾದ್ರೆ ಏನಾಗ್ಬಿಡುತ್ತೆ?"

"ರೇಟು ಇಳಿಯುತ್ತೆ."

ಯೋರ್ಡಿಸ್ ನಕ್ಕಳು. ಮಗುವಿನ ಫೋಟೋವನ್ನು ಕೋಟಿನ ಜೇಬಿಗೆ ಸೇರಿಸುತ್ತಾ, "ನಮ್ಮ ಕ್ಲಿನಿಕ್ಕಲ್ಲೂ ಇದೇ ಕೆಲಸ. ಹಲ್ಲು ಬೆಳ್ಳಗೆ ಮಾಡಿ ಕಳಿಸ್ತೀವಿ. ಆದ್ರೆ ತೂತಿದ್ರೆ ಬಾಯ್ಬಿಟ್ಟು ಹೇಳ್ತೀವಪ್ಪ," ಎಂದಳು.

"ತೂತು ಹೇಳೋಕೆ ಬ್ರೋಕರ್ ಇದಾನೆ. ನಾನು ಬೆಳ್ಳಗೆ ಮಾಡೋಳು," ಎಂದಳು ಟೋರುನ್.

ಈ ಕೆಲಸದಲ್ಲಿ ಟೋರುನ್ ಕಲಿತ ಮೊದಲ ನಿಯಮ, ಚಿತ್ರದಲ್ಲಿ ಓದಬಹುದಾದ ಅಕ್ಷರ ಒಂದೂ ಇರಬಾರದು ಎಂಬುದು. ಅಕ್ಷರ ಕಂಡರೆ ಕಣ್ಣು ಅಲ್ಲಿಗೇ ಓಡುತ್ತದೆ. ಕಿಟಕಿ, ನೆಲ, ಎತ್ತರದ ಚಾವಣಿ ಯಾವುದೂ ಕಾಣುವುದಿಲ್ಲ. ಪುಸ್ತಕಗಳನ್ನು ಬೆನ್ನು ಗೋಡೆಗೆ ತಿರುಗಿಸಿ ಇಡುತ್ತಾಳೆ. ಪಾತ್ರೆ ತೊಳೆಯುವ ಸೋಪಿನ ಬಾಟಲಿಯ ಲೇಬಲ್ ಸುಲಿಯುತ್ತಾಳೆ. ಕ್ಯಾಲೆಂಡರ್, ಔಷಧಿ ಡಬ್ಬಿ, ಬಾಗಿಲ ಮೇಲಿನ ಹೆಸರು ಎಲ್ಲವೂ ಪೆಟ್ಟಿಗೆಗೆ. ಎರಡು ಗಂಟೆಯಲ್ಲಿ ಯೋರ್ಡಿಸ್‌ಳ ಮನೆ ಯಾರದ್ದೂ ಅಲ್ಲದ ಮನೆಯಾಯಿತು. ಊಟದ ಮೇಜಿನ ಮೇಲೆ ನಿಂಬೆಹಣ್ಣುಗಳು ಕೂತವು.

ಹಾಲ್‌ನ ಮೂಲೆಯಲ್ಲಿ ಟೈಲ್ಸಿನ ಒಲೆ ಇತ್ತು. ಕಟ್ಟಡ ಕಟ್ಟಿದ ಕಾಲದ್ದು, ಬಿಳಿ ಟೈಲ್ಸಿನ ಮೇಲೆ ನೀಲಿ ಹೂ, ಚಾವಣಿ ಮುಟ್ಟುವಷ್ಟು ಎತ್ತರ. ಇಂಥ ಒಲೆ ಇದ್ದರೆ ಮನೆಯ ಜಾಹೀರಾತಿನಲ್ಲಿ ಅದೇ ಮೊದಲ ಚಿತ್ರ. ಟೋರುನ್ ಅದರ ಹಿತ್ತಾಳೆಯ ಬಾಗಿಲನ್ನು ಅರ್ಧ ತೆರೆದಿಟ್ಟು, ಪಕ್ಕದಲ್ಲಿ ಬರ್ಚ್ ಕಟ್ಟಿಗೆಯ ಬುಟ್ಟಿ ಇಟ್ಟಳು. ಬಾಗಿಲ ಹಿಡಿಗೆ ಗಟ್ಟಿ ತಂತಿಯಲ್ಲಿ ಒಂದು ಹಳದಿ ಚೀಟಿ ಕಟ್ಟಿತ್ತು. ಬೆರಳಿನಿಂದ ಬಿಚ್ಚಲು ನೋಡಿದಳು. ಬರಲಿಲ್ಲ. ಇಕ್ಕಳ ಕಾರಿನಲ್ಲಿತ್ತು. ಲಿಫ್ಟ್ ಇಲ್ಲದ ಕಟ್ಟಡ. ಕಂಪ್ಯೂಟರಿನಲ್ಲಿ ತೆಗೆದರಾಯಿತು ಎಂದುಕೊಂಡಳು.

ಮಧ್ಯಾಹ್ನ ಮನೆಗೆ ಬಂದು ತಿದ್ದಲು ಕೂತಳು. ಅವಳ ಕಂಪ್ಯೂಟರಿನಲ್ಲಿ ಆಕಾಶ ಎಂಬ ಹೆಸರಿನ ಫೋಲ್ಡರ್ ಇತ್ತು, ಅದರಲ್ಲಿ ನಲವತ್ತು ಆಕಾಶ. ಹುಲ್ಲು ಎಂಬುದರಲ್ಲಿ ಹದಿನಾರು ಹುಲ್ಲು. ಬೆಂಕಿ ಎಂಬುದರಲ್ಲಿ ಹನ್ನೊಂದು ಬೆಂಕಿ. ಎಲ್ಲವೂ ಅವಳೇ ತನ್ನ ಚಿಕ್ಕಪ್ಪನ ಮಗಳ ಕಾಡಿನ ಮನೆಯಲ್ಲಿ ತೆಗೆದವು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಲೆ ಇದ್ದ ಮನೆಗಳಲ್ಲಿ ಬೆಂಕಿ ಕಾಣಲೇಬೇಕು ಎಂದು ಕಾಸ್ಪರ್ ಮೂರು ವರ್ಷದ ಹಿಂದೆ ಬಾಯಿಮಾತಿನಲ್ಲಿ ಹೇಳಿದ್ದ. "ಜನ ಮನೆ ಕೊಳ್ಳಲ್ಲ ಟೋರುನ್, ಬೆಚ್ಚಗಿರೋದನ್ನ ಕೊಳ್ತಾರೆ," ಎಂದಿದ್ದ. ಅಂದಿನಿಂದ ಅದು ರೂಢಿಯಾಗಿತ್ತು. ಕೇಳುವುದೂ ಇರಲಿಲ್ಲ, ಹೇಳುವುದೂ ಇರಲಿಲ್ಲ.

ಹಳದಿ ಚೀಟಿ ಅಳಿಸಿದಳು. ಅದರ ಜಾಗಕ್ಕೆ ಪಕ್ಕದ ಟೈಲ್ಸಿನ ಬಿಳುಪು ತುಂಬಿತು. ನಾಲ್ಕನೇ ನಂಬರಿನ ಬೆಂಕಿಯನ್ನು ತಂದು ಒಲೆಯೊಳಗೆ ಕೂರಿಸಿದಳು. ನೆಲದ ಹಲಗೆಯ ಮೇಲೆ ಅದರ ಕಿತ್ತಳೆ ಬೆಳಕು ಬೀಳುವಂತೆ ಮಾಡಲು ಇನ್ನೊಂದು ಆರು ನಿಮಿಷ ಹಿಡಿಯಿತು. ಸಂಜೆ ಐದಕ್ಕೆ ಇಪ್ಪತ್ತಾರು ಚಿತ್ರಗಳು ಕಾಸ್ಪರ್‌ನ ಕಚೇರಿ ತಲುಪಿದವು.

ಮನೆಯನ್ನು ಜನ ನೋಡಲು ಬಂದದ್ದು ಅದೇ ಭಾನುವಾರ. ಮೂವತ್ತೊಂದು ಜನ ಬಂದರು. ಅಲ್ಲಿನ ವಾಡಿಕೆಯಂತೆ ಕೊಳ್ಳಲು ಬಯಸಿದವರೆಲ್ಲ ಬೆಲೆ ಕೂಗಿ, ಬುಧವಾರ ಹರಾಜು ಮುಗಿದು ರೂಬೆನ್ ಹಾಲ್‌ಗ್ರೇನ್ ಮತ್ತು ಅವನ ಹೆಂಡತಿ ಡೀಸಾ ಎಂಬವರಿಗೆ ಮನೆ ಹೋಯಿತು. ಟೋರುನ್‌ಗೆ ಅವರ ಹೆಸರೂ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಪೆಟ್ಟಿಗೆಗಳನ್ನು ವಾಪಸ್ ತರಲು ಹೋದಾಗ ಬರ್ಚ್ ಬುಟ್ಟಿ ಮಾತ್ರ ಕಾಣಲಿಲ್ಲ. ಕಾರ್ಡಿಟ್ಟು ಕೊಂಡವರಿಗೆ ಉಡುಗೊರೆಯಾಗಿ ಬಿಟ್ಟೆವು, ಇನ್ನೊಂದು ತೆಗೆದುಕೋ ಎಂದು ಕಚೇರಿಯಿಂದ ಸಂದೇಶ ಬಂತು. ತೆಗೆದುಕೊಂಡಳು.

ಜನವರಿ ಹನ್ನೆರಡರ ಸೋಮವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ತನ್ನ ಹಳೇ ಪತ್ರಿಕೆಯನ್ನು ಮೊಬೈಲಿನಲ್ಲಿ ನೋಡುತ್ತಿದ್ದ ಟೋರುನ್ ಐದು ಸಾಲಿನ ಸುದ್ದಿಯೊಂದನ್ನು ಓದಿದಳು. ಶುಕ್ರವಾರ ಸಂಜೆ ಒಂದು ಮನೆಯಲ್ಲಿ ಒಲೆ ಹಚ್ಚಿದ್ದರಿಂದ ಮೇಲಿನ ಮಹಡಿಯ ಮನೆಗೆ ಕಾರ್ಬನ್ ಮಾನಾಕ್ಸೈಡ್ ನುಗ್ಗಿದೆ. ಕೆಲಸಕ್ಕೆ ಹೋಗುವ ಮುನ್ನ ಮಲಗಿದ್ದ ನಲವತ್ಮೂರು ವರ್ಷದ ಟ್ರಾಮ್ ಚಾಲಕ ಎಚ್ಚರ ತಪ್ಪಿ ಬಿದ್ದಿದ್ದ. ರಾತ್ರಿಯ ಪಾಳಿಗೆ ಬಾರದ ಅವನನ್ನು ಹುಡುಕಿಕೊಂಡು ಬಂದ ಸಹೋದ್ಯೋಗಿ ಬಾಗಿಲು ತೆಗೆಸಿದ. ಸ್ಥಿತಿ ಗಂಭೀರ. ಆ ಒಲೆ ಹಚ್ಚಬಾರದೆಂದು ನಾಲ್ಕು ವರ್ಷಗಳ ಹಿಂದೆಯೇ ಚಿಮಣಿ ಪರೀಕ್ಷಕರು ನಿಷೇಧಿಸಿದ್ದರು. ಹಚ್ಚಿದ ಮೂವತ್ಮೂರು ವರ್ಷದ ವ್ಯಕ್ತಿಯ ಮೇಲೆ, ಅಜಾಗರೂಕತೆಯಿಂದ ಇನ್ನೊಬ್ಬರ ದೇಹಕ್ಕೆ ಹಾನಿ ಮಾಡಿದ ಶಂಕೆಯಲ್ಲಿ ತನಿಖೆ ನಡೆದಿದೆ.

ಬೀದಿಯ ಹೆಸರು ಕೊನೆಯ ಸಾಲಿನಲ್ಲಿತ್ತು.

ಅವಳು ಎದ್ದು ಕಂಪ್ಯೂಟರ್ ಹಚ್ಚಿದಳು. ತಿದ್ದದ ಮೂಲ ಚಿತ್ರ ಇನ್ನೂ ಇತ್ತು. ಒಲೆಯ ಬಾಗಿಲ ಹಿಡಿಯನ್ನು ದೊಡ್ಡದು ಮಾಡಿದಳು. ಕ್ಯಾಮೆರಾ ಒಳ್ಳೆಯದು, ಬೆಳಕೂ ಚೆನ್ನಾಗಿತ್ತು. ಪ್ರತಿ ಅಕ್ಷರ ಸ್ಪಷ್ಟವಾಗಿ ಓದಿಸಿಕೊಂಡಿತು: ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ. ಹೊಗೆ ಕೊಳವೆ ಬಿರುಕು ಬಿಟ್ಟಿದೆ. ಈ ಚೀಟಿಯನ್ನು ತೆಗೆಯಬಾರದು. ಕೆಳಗೆ ದಿನಾಂಕ, ಚಿಮಣಿ ಪರೀಕ್ಷಕನ ಸಹಿ.

ಪಕ್ಕದ ಕಿಟಕಿಯಲ್ಲಿ ತಿದ್ದಿದ ಚಿತ್ರ. ಅದೇ ಒಲೆ, ಬಾಗಿಲ ಹಿಡಿ ಖಾಲಿ, ಒಳಗೆ ನಾಲ್ಕನೇ ನಂಬರಿನ ಬೆಂಕಿ.

ಕಾಫಿ ಆರಿಹೋಗಿತ್ತು. ಪತ್ರಿಕೆಯಲ್ಲಿದ್ದಾಗ ಒಂದು ಫೋಟೋದಡಿ ಹೆಸರೊಂದು ತಪ್ಪಾಗಿ ಅಚ್ಚಾದರೆ ಅವಳಿಗೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಈಗ ಅವಳು ಮೊದಲು ಮಾಡಿದ್ದು, ಬೆರಳು ಮಡಚಿ ದಿನ ಎಣಿಸಿದ್ದು. ಕಾಸ್ಪರ್‌ನ ಕಚೇರಿಯ ಜೊತೆಗಿನ ಒಪ್ಪಂದದಂತೆ ಮೂಲ ಚಿತ್ರಗಳನ್ನು ತೊಂಬತ್ತು ದಿನ ಇಟ್ಟುಕೊಂಡರೆ ಸಾಕು. ಅಕ್ಟೋಬರ್ ಹದಿನಾಲ್ಕರಿಂದ ಎಣಿಸಿದರೆ ಅವತ್ತಿಗೇ ತೊಂಬತ್ತು.

ಗುರುವಾರ ಪೊಲೀಸ್ ತನಿಖಾಧಿಕಾರಿಯೊಬ್ಬರು ಫೋನ್ ಮಾಡಿದರು. ಜಾಹೀರಾತಿನ ಚಿತ್ರಗಳಡಿ ಅವಳ ಹೆಸರಿತ್ತಂತೆ. ದನಿ ಸೌಜನ್ಯದ್ದು.

"ಒಲೆ ಬಾಗಿಲಿಗೆ ಏನಾದ್ರೂ ಕಟ್ಟಿತ್ತಾ ಅಂತ ನೆನಪಿದೆಯಾ ನಿಮಗೆ? ಹಿಂದಿನ ಮನೆಯವರು ಚೀಟಿ ಅಲ್ಲೇ ನೇತಾಡ್ತಿತ್ತು, ಬಾಯಲ್ಲಿ ಬೇರೆ ಹೇಳೋದೇನಿತ್ತು ಅಂತಾರೆ. ಕೊಂಡವರು ಚೀಟಿ ಗೀಟಿ ಏನೂ ನೋಡೇ ಇಲ್ಲ ಅಂತಾರೆ. ಅವರೇ ಕಿತ್ತುಹಾಕಿದಾರೆ ಅನ್ನೋ ಅನುಮಾನ ನಮಗೆ."

"ನೂರಾರು ಮನೆ ಮಾಡ್ತೀನಿ ನಾನು," ಎಂದಳು ಟೋರುನ್. "ಮೂಲ ಚಿತ್ರ ಇದೆಯಾ ಅಂತ ನೋಡಿ ಹೇಳ್ತೀನಿ."

ಮೂಲ ಚಿತ್ರ ಆ ಹೊತ್ತಿನಲ್ಲಿ ಅವಳ ಎದುರಿನ ಪರದೆಯ ಮೇಲೆಯೇ ಇತ್ತು.

ಅರ್ಧ ಗಂಟೆಯಲ್ಲಿ ಅವಳು ಕಾಸ್ಪರ್‌ನ ಕಚೇರಿಯಲ್ಲಿದ್ದಳು. ಅವನು ಬಾದಾಮಿ, ಕೆನೆ ತುಂಬಿದ ಬನ್ನಿನ ಮುಚ್ಚಳ ಎತ್ತಿ, ಅದರಿಂದಲೇ ಕೆನೆ ತೋಡಿಕೊಂಡು ತಿನ್ನುತ್ತಿದ್ದ. ನಲವತ್ತು ದಾಟದ, ಇಸ್ತ್ರಿ ಮಾಡಿದ ಮನುಷ್ಯ.

"ಚೀಟಿ ಇತ್ತು ಕಾಸ್ಪರ್," ಎಂದಳು. "ನಾನು ಫೋಟೋದಿಂದ ಅಳಿಸಿದೀನಿ, ನಿಜ. ಆದ್ರೆ ಮನೆಯಲ್ಲಿ ಬಿಟ್ಟು ಬಂದಿದ್ದೆ. ತಂತಿ ಸಮೇತ. ಅದು ಎಲ್ಲಿ ಹೋಯ್ತು?"

ಕಾಸ್ಪರ್ ಎದ್ದು ಬಾಗಿಲು ಮುಚ್ಚಿದ. ತುಟಿಯ ಕೆನೆ ಒರೆಸಿಕೊಂಡ.

"ನಾನೇ ತೆಗೆದೆ. ಭಾನುವಾರ ಜನ ಬರೋಕೆ ಮುಂಚೆ. ಇಕ್ಕಳದಲ್ಲಿ ಕತ್ತರಿಸಿದೆ."

"ಯಾಕೆ?"

"ಯಾಕೆ ಅಂದ್ರೆ? ನಿನ್ನ ಚಿತ್ರದಲ್ಲಿ ಇರ್ಲಿಲ್ಲ."

ಟೋರುನ್‌ಗೆ ಬೇರೆ ವಿವರಣೆ ಬೇಕಾಗಲಿಲ್ಲ. ಕಚೇರಿಯ ಪದ್ಧತಿ ಅವಳಿಗೂ ಗೊತ್ತು. ಜನ ಮನೆ ನೋಡಲು ಬರುವ ಅರ್ಧ ಗಂಟೆ ಮುಂಚೆ ಕಾಸ್ಪರ್ ಅವಳ ಚಿತ್ರಗಳ ಪ್ರಿಂಟ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಾನೆ. ಬೆಂಕಿ, ಆಕಾಶ ಬಿಟ್ಟರೆ ಚಿತ್ರದಲ್ಲಿರುವುದೆಲ್ಲ ಮನೆಯಲ್ಲಿರಬೇಕು, ಚಿತ್ರದಲ್ಲಿಲ್ಲದ್ದು ಮನೆಯಲ್ಲೂ ಇರಬಾರದು. ಬಂದವನಿಗೆ ಒಂದು ವ್ಯತ್ಯಾಸ ಕಂಡರೆ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಕೇಳುವವನು ಹರಾಜು ಕೂಗುವುದಿಲ್ಲ. ಕಾಸ್ಪರ್‌ನ ಕೈಯಲ್ಲಿದ್ದ ಪ್ರಿಂಟಿನಲ್ಲಿ ಬಾಗಿಲ ಹಿಡಿ ಖಾಲಿಯಿತ್ತು. ಮನೆಯ ಹಿಡಿಯನ್ನೂ ಅವನು ಖಾಲಿ ಮಾಡಿದ್ದ.

"ಓದಿದ್ಯಾ ಅದನ್ನ?"

"ನೀನು ಓದಿದ್ಯಾ?"

ಕಾಸ್ಪರ್ ಬನ್ನನ್ನು ಪಕ್ಕಕ್ಕೆ ಸರಿಸಿದ.

"ಅವರಿಗೆ ಕಟ್ಟಿಗೆ ಬುಟ್ಟಿ ಬೇರೆ ಕೊಟ್ಟಿದ್ಯ," ಎಂದಳು ಟೋರುನ್. "ಜೊತೆಗೆ ಕಾರ್ಡು. ಹೊಸ ಮನೆಯಲ್ಲಿ ಬೆಚ್ಚಗಿರಿ ಅಂತ."

"ಎಲ್ಲ ಕಾರ್ಡಲ್ಲೂ ಅದನ್ನೇ ಬರೀತೀವಿ. ಬೇಸಿಗೇಲೂ ಅದೇ. ಕೇಳಿಲ್ಲಿ. ಮನೆಯ ವಿವರಪತ್ರದ ಹನ್ನೊಂದನೇ ಪುಟದಲ್ಲಿ, ಒಲೆಯ ಸ್ಥಿತಿಯನ್ನ ಕೊಳ್ಳುವವರೇ ವಿಚಾರಿಸಿಕೊಳ್ಳಬೇಕು ಅಂತ ಅಚ್ಚಾಗಿದೆ. ಅವರಿಬ್ಬರೂ ಅದಕ್ಕೆ ಸಹಿ ಹಾಕಿದಾರೆ. ಕಾನೂನು ಪ್ರಕಾರ ವಿಚಾರಿಸೋದು ಅವರ ಕರ್ತವ್ಯ. ನಾವು ಯಾರೂ ಒಲೆ ಹಚ್ಚಿ ಅಂತ ಹೇಳಿಲ್ಲ."

"ನಾನು ಹಚ್ಚಿ ತೋರಿಸಿದೀನಲ್ಲ."

"ನೀನಿನ್ನೂ ಪೇಪರ್‌ನೋಳೇ ಕಣೆ," ಎಂದು ಕಾಸ್ಪರ್ ನಕ್ಕ. ನಗು ಬೇಗ ಮುಗಿಯಿತು. "ತೊಂಬತ್ತು ದಿನ ಆಯ್ತು ಅಲ್ವಾ? ಲೆಕ್ಕ ಹಾಕಿದೀಯ ತಾನೇ? ಅಳಿಸಿದೀನಿ ಅಂದ್ರೆ ಸುಳ್ಳಲ್ಲ, ಒಪ್ಪಂದ. ಯಾರೂ ನಿನ್ನ ಕೇಳಲ್ಲ."

"ಹಚ್ಚಿದ ಹುಡುಗನ್ನ ಕೇಳ್ತಿದಾರೆ."

"ಅವನು ಹಚ್ಚಿದಾನೆ."

ಅವಳು ಎದ್ದಾಗ ಕಾಸ್ಪರ್ ಇನ್ನೊಂದು ಮಾತು ಹೇಳಿದ. ದನಿ ಏರಿಸಲಿಲ್ಲ. "ಒಪ್ಪಂದದಲ್ಲಿ ಇನ್ನೊಂದು ಸಾಲಿದೆ ನೋಡು. ಚಿತ್ರದ ಸತ್ಯಕ್ಕೆ ಚಿತ್ರ ತೆಗೆದವರೇ ಹೊಣೆ. ನಾನು ಬೆಂಕಿ ಹಾಕು ಅಂತ ಎಲ್ಲಾದ್ರೂ ಬರೆದುಕೊಟ್ಟಿದೀನಾ?"

ಬರೆದುಕೊಟ್ಟಿರಲಿಲ್ಲ.

ವಾರಕ್ಕೆ ಐದು ಮನೆ ಮಾಡಿದರೆ ಅದರಲ್ಲಿ ನಾಲ್ಕು ಕಾಸ್ಪರ್‌ನವು. ಊರಿನ ಉಳಿದ ಬ್ರೋಕರ್‌ಗಳಿಗೆ ಅವರವರ ಫೋಟೋಗ್ರಾಫರ್‌ಗಳಿದ್ದರು, ಎಲ್ಲರೂ ಮೂವತ್ತರ ಒಳಗಿನವರು. ಟೋರುನ್ ಶುಕ್ರವಾರ ಒಂದು ಮನೆ ಸಜ್ಜು ಮಾಡಿದಳು. ಶನಿವಾರ ಅದನ್ನು ತಿದ್ದಿದಳು. ಪೊಲೀಸರಿಗೆ ಫೋನ್ ಮಾಡಲಿಲ್ಲ. ಭಾನುವಾರ ಮೂಲ ಚಿತ್ರದ ಫೈಲನ್ನು ಅಳಿಸಲೆಂದು ಎರಡು ಸಲ ಅದರ ಮೇಲೆ ಬಾಣ ಇಟ್ಟು ಎರಡು ಸಲವೂ ಆಚೆ ಸರಿಸಿದಳು. ಟ್ರಾಮ್ ಚಾಲಕ ವಾಲ್ಟರ್ ಎಂಬವನಿಗೆ ಎಚ್ಚರ ಬಂದಿದೆ, ಆದರೆ ನೆಟ್ಟಗೆ ನಿಲ್ಲಲಾಗುತ್ತಿಲ್ಲ, ತನ್ನ ಇಬ್ಬರು ಹೆಣ್ಣುಮಕ್ಕಳ ಹೆಸರು ಅದಲು ಬದಲು ಮಾಡುತ್ತಿದ್ದಾನೆ ಎಂದು ಹಳೇ ಪತ್ರಿಕೆಯ ವರದಿಗಾರ ಗೆಳೆಯನೊಬ್ಬ ಹೇಳಿದ.

"ಹಚ್ಚಿದ ಆ ರೂಬೆನ್ ಇದಾನಲ್ಲ, ಅವನಿಗೆ ಕಟ್ಟಡದಲ್ಲಿ ಯಾರೂ ನಮಸ್ಕಾರ ಹೇಳ್ತಿಲ್ಲವಂತೆ," ಎಂದೂ ಹೇಳಿದ. "ಚೀಟಿ ಕಿತ್ತುಹಾಕಿ ಬೆಂಕಿ ಹಚ್ಚಿದೋನು ಅಂತ ಕಟ್ಟಡದವರೆಲ್ಲ ಬಟ್ಟೆ ಒಗೆಯೋ ರೂಮಿನ ಬೋರ್ಡ್ ಮೇಲೆ ಯಾರೋ ಬರೆದಿದ್ರಂತೆ."

ಸೋಮವಾರ ಹತ್ತೊಂಬತ್ತನೇ ತಾರೀಕು ಬೆಳಗ್ಗೆ ಎಂಟಕ್ಕೆ ಟೋರುನ್ ಪೊಲೀಸ್ ಠಾಣೆಗೆ ಹೋದಳು. ಮೂಲ ಚಿತ್ರ, ತಿದ್ದಿದ ಚಿತ್ರ, ಬೆಂಕಿ ನಂಬರ್ ನಾಲ್ಕು, ಮೂರನ್ನೂ ಕೊಟ್ಟಳು. ಚೀಟಿಯನ್ನು ಕಾಸ್ಪರ್ ಕತ್ತರಿಸಿದ್ದನ್ನು ಅವನದೇ ಮಾತಿನಲ್ಲಿ ಹೇಳಿದಳು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು.

"ಗುರುವಾರವೇ ಇದು ನಿಮ್ಮ ಹತ್ರ ಇತ್ತಾ?" ಎಂದು ಕೇಳಿದರು.

"ಇತ್ತು."

ಅದನ್ನೂ ಬರೆದುಕೊಂಡರು.

ಮಧ್ಯಾಹ್ನದೊಳಗೆ ಕಾಸ್ಪರ್‌ನನ್ನು ಕರೆಸಿದ್ದರು. ತಾನು ಮನೆಗೆ ಹೋದಾಗ ಒಲೆಯ ಮೇಲೆ ಚೀಟಿ ಇರಲೇ ಇಲ್ಲ, ಫೋಟೋ ತೆಗೆದವಳೇ ಮನೆಯನ್ನು ಸಜ್ಜು ಮಾಡಿದ್ದು, ಅಕ್ಷರ ಇರುವುದನ್ನೆಲ್ಲ ತೆಗೆಯುವುದು ಅವಳ ಅಭ್ಯಾಸ, ಊರಿಗೆಲ್ಲ ಗೊತ್ತು ಎಂದು ಅವನು ಹೇಳಿಕೆ ಕೊಟ್ಟ. ಪುಸ್ತಕಗಳನ್ನು ಬೆನ್ನು ತಿರುಗಿಸಿ ಇಡುವುದನ್ನೂ ಉದಾಹರಣೆಯಾಗಿ ಹೇಳಿದನಂತೆ. ಯೋರ್ಡಿಸ್‌ಳನ್ನು ಕೇಳಿದಾಗ ಅವಳು ಹೇಳಿದ್ದು ನಿಜವೇ: ಫೋಟೋ ತೆಗೆದ ದಿನ ಟೋರುನ್ ಆ ಚೀಟಿಯನ್ನು ಬಿಚ್ಚಲು ನೋಡುತ್ತಿದ್ದಳು, ಆಮೇಲೆ ಬಿಚ್ಚಿದಳೋ ಇಲ್ಲವೋ ಗೊತ್ತಿಲ್ಲ, ತಾನು ಅಡುಗೆಮನೆಯಲ್ಲಿದ್ದೆ. ಸಂಜೆ ನಾಲ್ಕಕ್ಕೆ ಕಚೇರಿಯಿಂದ ಎರಡು ಸಾಲಿನ ಮಿಂಚಂಚೆ ಬಂತು. ಒಪ್ಪಂದ ಅಂದಿಗೇ ಮುಗಿದಿದೆ. ಕಚೇರಿಯ ಲಿನನ್ ಹೊದಿಕೆಗಳನ್ನು ಶುಕ್ರವಾರದೊಳಗೆ ಹಿಂದಿರುಗಿಸಬೇಕು.

ಮಾರನೇ ದಿನ ಅವಳು ಲಿಂಡನ್ ಮರಗಳ ಬೀದಿಗೆ ಹೋಗಿ ಎರಡನೇ ಮಹಡಿಯ ಗಂಟೆ ಒತ್ತಿದಳು. ಬಾಗಿಲು ತೆರೆದದ್ದು ಡೀಸಾ. ತೆಳ್ಳನೆಯ ಹೆಂಗಸು, ಕೈಯಲ್ಲಿ ಬಣ್ಣದ ಬ್ರಷ್. ಹಿಂದೆ ಹಾಲ್‌ನಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳು. ಒಲೆಯ ಬಾಯಿಗೆ ಹಲಗೆ ಹೊಡೆದಿತ್ತು.

"ಈ ಮನೆ ಫೋಟೋ ತೆಗೆದೋಳು ನಾನು," ಎಂದು ಟೋರುನ್ ಬಾಗಿಲಲ್ಲೇ ನಿಂತು ಹೇಳಿದಳು. "ಚೀಟಿ ಇತ್ತು. ನಾನು ಫೋಟೋದಿಂದ ಅಳಿಸಿ ಬೆಂಕಿ ಹಾಕಿದೆ. ಪೊಲೀಸರಿಗೆ ಹೇಳಿದೀನಿ. ನಿಮ್ಮ ಮನೆಯವರದು ತಪ್ಪಿಲ್ಲ ಅಂತ ನಾನೇ ಬಂದು ಹೇಳ್ಬೇಕು ಅನ್ನಿಸ್ತು."

ಡೀಸಾ ಅವಳನ್ನು ದಿಟ್ಟಿಸಿದಳು. "ಆ ಫೋಟೋನ ಪ್ರಿಂಟ್ ಹಾಕಿಸಿ ನಾವು ಹಳೇ ಮನೆಯ ಫ್ರಿಜ್‌ಗೆ ಅಂಟಿಸಿದ್ವಿ. ಎರಡು ತಿಂಗಳು ದಿನಾ ನೋಡ್ತಿದ್ವಿ. ಬಂದ ತಕ್ಷಣ ಮೊದಲು ಅಲ್ಲಿ ಕೂತು ಬೆಂಕಿ ಹಚ್ಚೋಣ ಅಂತ."

ಒಳಗಿನಿಂದ ರೂಬೆನ್ ಬಂದ. ಗಡ್ಡ ಬೆಳೆದಿತ್ತು. ಅವಳ ಮಾತು ಅವನಿಗೆ ಕೇಳಿಸಿತ್ತು.

"ಕ್ಷಮಿಸಿ," ಎಂದಳು ಟೋರುನ್.

"ನನ್ನನ್ನಾ ಕೇಳ್ತಿರೋದು?" ಎಂದ ರೂಬೆನ್. "ಮೇಲಿನ ಮನೆಗೆ ಹೋಗಿ ಕೇಳಿ. ಓ, ಅವನಿಲ್ಲ ಅಲ್ವಾ ಅಲ್ಲಿ. ಆಸ್ಪತ್ರೇಲಿ ನಡೆಯೋದು ಕಲೀತಿದಾನೆ."

"ನಿಮಗೆ ಗೊತ್ತಿರ್ಲಿಲ್ಲ. ಅದಕ್ಕೆ ಸಾಕ್ಷಿ ಕೊಟ್ಟಿದೀನಿ."

"ಬೆಂಕಿಕಡ್ಡಿ ಗೀರಿದ ಕೈ ನಂದು ಕಣ್ರೀ. ಅದು ನಿಮ್ಮ ಸಾಕ್ಷಿಯಿಂದ ಬದಲಾಗಲ್ಲ. ಒಂದು ಸ್ವಲ್ಪ ಹೊಗೆ ವಾಸನೆ ಬಂತು, ಹಳೇ ಒಲೆ ಅಲ್ವಾ ಅಂತ ನಾವು ಕಿಟಕಿ ತೆಗೆದು, ವೈನ್ ಕುಡಿತಾ ಕೂತಿದ್ವಿ. ಅವನು ತಲೆ ಮೇಲೆ ಮಲಗಿದ್ದ." ಅವನು ಉಸಿರು ಎಳೆದುಕೊಂಡ. "ನಾಲ್ಕು ದಿನ ತಗೊಂಡ್ರಂತೆ ನೀವು. ಪೊಲೀಸರು ಹೇಳಿದ್ರು. ಆ ನಾಲ್ಕು ದಿನ ಅವರು ನನ್ನನ್ನ ಏನು ಕೇಳ್ತಿದ್ರು ಗೊತ್ತಾ? ಚೀಟಿ ಎಲ್ಲಿ ಬಚ್ಚಿಟ್ಟೆ ಅಂತ."

ಟೋರುನ್ ತಿರುಗಿ ಹೊರಟಳು. ಮೆಟ್ಟಿಲಿಳಿಯುವಾಗ ಮೇಲಿಂದ ಬಾಗಿಲು ಮುಚ್ಚಿದ ಸದ್ದು ಬಂತು. ಬಡಿದದ್ದಲ್ಲ, ಮೆಲ್ಲಗೆ ಮುಚ್ಚಿದ್ದು. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಫೆಬ್ರವರಿ, ಮಾರ್ಚ್ ಎರಡು ತಿಂಗಳಲ್ಲಿ ಅವಳಿಗೆ ಸಿಕ್ಕಿದ್ದು ಮೂರು ಮನೆ. ಮೂರೂ ಊರ ಹೊರಗಿನವು. ಬ್ರೋಕರ್‌ಗಳು ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದರು. "ನೀವು ಮಾಡಿದ್ದು ಸರಿ, ಮೆಚ್ಚಬೇಕು ನಿಮ್ಮನ್ನ," ಎಂದು ಒಬ್ಬಳು ಹೇಳಿದಳು. ಆಮೇಲೆ ಆಕೆ ಕರೆಯಲಿಲ್ಲ. ಇನ್ನೊಬ್ಬ ನೇರವಾಗಿಯೇ ಹೇಳಿದ: "ನಿಮ್ಮನ್ನ ಮನೆಗೆ ಕಳಿಸಿದ್ರೆ, ಮಾರೋರು ನಿಮ್ಮ ಹೆಸರು ಗೂಗಲ್ ಮಾಡಿ ನಮ್ಮನ್ನೇ ಪ್ರಶ್ನೆ ಕೇಳ್ತಾರೆ ಮೇಡಂ." ಅಳಿಸಿದ ಚೀಟಿಯ ವರದಿಯನ್ನು ಅವಳ ಹೆಸರಿನ ಸಮೇತ ಅವಳದೇ ಹಳೇ ಪತ್ರಿಕೆ ಅಚ್ಚುಹಾಕಿತ್ತು. ಹೆಸರಿನ ಅಕ್ಷರ ಸರಿಯಾಗಿತ್ತು, ವಯಸ್ಸೂ ಸರಿ. ಕಾಸ್ಪರ್‌ನನ್ನು ಬ್ರೋಕರ್ ಎಂದಷ್ಟೇ ಬರೆದಿದ್ದರು. ಅವನ ಮೇಲೆ ಶಂಕೆಯೇನೂ ದಾಖಲಾಗಿರಲಿಲ್ಲವಾದ್ದರಿಂದ ಅದೂ ನಿಯಮದ ಪ್ರಕಾರವೇ.

ಏಪ್ರಿಲ್ ಒಂಬತ್ತರಂದು ಪ್ರಾಸಿಕ್ಯೂಟರ್ ರೂಬೆನ್ ಮೇಲಿನ ತನಿಖೆ ಮುಚ್ಚಿದರು. ನಿಷೇಧ ಇದ್ದದ್ದು ಅವನಿಗೆ ತಿಳಿದಿತ್ತು ಎನ್ನಲು ಆಧಾರವಿಲ್ಲ ಎಂಬುದು ಕಾರಣ. ಅವರು ಆ ತೀರ್ಮಾನಕ್ಕೆ ಬಂದದ್ದು ಟೋರುನ್ ಕೊಟ್ಟ ಚಿತ್ರಗಳಿಂದ. ಚೀಟಿಯನ್ನು ಮನೆಯಿಂದ ತೆಗೆದವರು ಯಾರು ಎಂಬುದನ್ನು ಸಾಬೀತು ಮಾಡಲು ಸಾಧ್ಯವಿಲ್ಲ ಎಂದು ಅದೇ ಪತ್ರದ ಕೊನೆಯ ಪ್ಯಾರಾದಲ್ಲಿತ್ತು. ಚೀಟಿ ಕೊನೆಗೂ ಸಿಗಲಿಲ್ಲ.

ಬ್ರೋಕರ್‌ಗಳ ಮೇಲಿನ ದೂರು ವಿಚಾರಿಸುವ ಸರ್ಕಾರಿ ಕಚೇರಿಗೆ ರೂಬೆನ್ ಮತ್ತು ಡೀಸಾ ಫೆಬ್ರವರಿಯಲ್ಲೇ ಬರೆದಿದ್ದರು. ಬೆಂಕಿಯ ಚಿತ್ರವಿರುವ ಜಾಹೀರಾತಿಗೆ ಸಹಿ ಹಾಕಿದವನು ಕಾಸ್ಪರ್. ಕಡೆಗೆ ಅಲ್ಲಾದರೂ ಅವನು ಉತ್ತರ ಹೇಳಬೇಕಾಗುತ್ತದೆ ಎಂದು ಟೋರುನ್ ಕಾಯುತ್ತಿದ್ದಳು. ಸಾಕ್ಷಿ ಹೇಳಲು ಸಿದ್ಧ ಎಂದು ಎರಡು ಪುಟ ಬರೆದೂ ಕಳಿಸಿದ್ದಳು.

ಮೇ ಹನ್ನೊಂದರಂದು ಡೀಸಾ ಫೋನ್ ಮಾಡಿದಳು.

"ಬೇರೆ ಯಾರಿಂದಲೋ ಗೊತ್ತಾಗೋದು ಬೇಡ ಅಂತ ಹೇಳ್ತಿದೀನಿ. ದೂರು ವಾಪಸ್ ತಗೊಂಡ್ವಿ."

"ಯಾಕೆ?"

"ಇಲ್ಲಿ ಇರೋಕಾಗ್ತಿಲ್ಲ. ಮೆಟ್ಟಿಲಲ್ಲಿ ವಾಲ್ಟರ್ ಊರುಗೋಲು ಹಿಡ್ಕೊಂಡು ಹತ್ತೋ ಸದ್ದು ಕೇಳಿದ್ರೆ ರೂಬೆನ್ ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೋತಾನೆ. ಮನೆ ಮಾರ್ತಿದೀವಿ. ಕಾಸ್ಪರ್ ತನ್ನ ಕಮಿಷನ್ ಬಿಟ್ಟು ಮಾರಿಕೊಡ್ತೀನಿ ಅಂದ. ನಾವು ದೂರು ವಾಪಸ್ ತಗೋಬೇಕು, ಅಷ್ಟೇ."

"ಅವನೇ ಅಲ್ವಾ ಚೀಟಿ..."

"ಗೊತ್ತು. ನಿಮ್ಮ ಫೋಟೋ ಇಲ್ದೆ ಇದ್ರೆ ಅವನು ಅಷ್ಟು ಬೇಗ ಬಗ್ತಾನೂ ಇರ್ಲಿಲ್ಲ. ಅದಕ್ಕೆ ಥ್ಯಾಂಕ್ಸ್ ಅನ್ಬೇಕೋ ಏನೋ," ಎಂದಳು ಡೀಸಾ. "ನನಗೆ ಥ್ಯಾಂಕ್ಸ್ ಅನ್ನೋಕೆ ಬಾಯಿ ಬರ್ತಿಲ್ಲ."

"ಬೇಡ," ಎಂದಳು ಟೋರುನ್.

ವಾಲ್ಟರ್ ಮತ್ತೆ ಟ್ರಾಮ್ ಓಡಿಸುವಂತಿಲ್ಲ ಎಂದು ವೈದ್ಯರು ಅದೇ ತಿಂಗಳು ಬರೆದುಕೊಟ್ಟರು. ಟೋರುನ್ ಕ್ಯಾಮೆರಾ ಮತ್ತು ಎರಡು ಲೆನ್ಸ್ ಮಾರಿ, ಊರಾಚೆಯ ಒಂದು ಗೋದಾಮಿನಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದಳು. ಲಿಂಡನ್ ಮರಗಳ ಬೀದಿಯ ಮನೆಯ ಹೊಸ ಜಾಹೀರಾತು ಮೇ ಇಪ್ಪತ್ತೊಂಬತ್ತಕ್ಕೆ ಬಂತು. ಚಿತ್ರಗಳಡಿ ಬೇರೊಬ್ಬರ ಹೆಸರಿತ್ತು. ಜೂನ್ ಏಳರ ಭಾನುವಾರ ಹನ್ನೆರಡೂವರೆಗೆ ಕಾಸ್ಪರ್ ಎಂದಿನಂತೆ ಆ ಮನೆಯ ಬಾಗಿಲು ತೆರೆದ. ಹತ್ತೊಂಬತ್ತು ಜನ ಮನೆ ನೋಡಲು ಬಂದಿದ್ದರು.